ಕೆರೆಯ ನಡುವಿನ ಡಬ್ಬಿಗೆ ಎರಡು ಚಕ್ಕುಲಿ

ನಾನು ಓದು ನಿಲ್ಲಿಸಿದ್ದು ೧೯೮೮ರಲ್ಲಿ, ಎಂಟನೇ ಕ್ಲಾಸಿನ ಮಧ್ಯೆ. ಆಮೇಲೆ ಯಾವ ಪರೀಕ್ಷೆಗೂ ಕೂತವನಲ್ಲ. (ಪುರುಸೊತ್ತೆಲ್ಲಿ? ಡೊಂಬಿವಲಿಯಲ್ಲಿ ಟೇಬಲ್ ಒರೆಸಿದ ಹೋಟೆಲಿಗೇ ಈಗ ಮಾಲಕ. ಸ್ವಲ್ಪ ಜಂಬ ಇದೆ, ಇರಲಿ.) ಅಂಥವನನ್ನು ಕಳೆದ ಭಾನುವಾರ ಮಗಳು ಪರೀಕ್ಷೆಗೆ ಕೂರಿಸಿದಳು. ಅದೂ ಪೆಡಲ್ ಬೋಟಿನಲ್ಲಿ!

ಕಾಲೇಜು ಓದುವ ಅವಳಿಗೆ ಜಿಯೋಕ್ಯಾಶಿಂಗ್ ಹುಚ್ಚು. ಯಾರೋ ಒಂದು ಡಬ್ಬಿ ಬಚ್ಚಿಡುತ್ತಾರಂತೆ. ಮೊಬೈಲ್ ಜಾಗ ತೋರಿಸುತ್ತದಂತೆ. ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಒಂದು ವಸ್ತು ತೆಗೆದರೆ ಇನ್ನೊಂದು ಇಟ್ಟು, ಅಲ್ಲೇ ಬಿಟ್ಟು ಬರಬೇಕಂತೆ. ಬಹುಮಾನ? ಏನೂ ಇಲ್ಲ!

ಈ ಡಬ್ಬಿ ಇದ್ದದ್ದು ಮುಂಬೈ ಪಕ್ಕದ ಠಾಣೆಯ ಒಂದು ಕೆರೆಯ ನಡುವಿನ ದಿಬ್ಬದಲ್ಲಿ. ಒಂಟಿಯಾಗಿ ಬಂದವರಿಗೆ ಬೋಟು ಕೊಡುವುದಿಲ್ಲ. ಜೊತೆಗಾತಿಗೆ ಜ್ವರ. ಹಾಗಾಗಿ ನನಗೆ ಬುಲಾವ್. ಹೋಟೆಲಿನವನಿಗೆ ಭಾನುವಾರ ಎಲ್ಲಿಯ ರಜೆ? ಈವರೆಗೆ ಅವಳಿಗೆ ಒಂದು ಭಾನುವಾರವನ್ನೂ ಕೊಟ್ಟವನಲ್ಲ. ಇವತ್ತು ಪಾಸಾದರೆ ಮತ್ತೆ ಕರೆದಾಳು ಎಂಬ ಆಸೆಯಿಂದ ಗಲ್ಲಾದಲ್ಲಿ ಮ್ಯಾನೇಜರನ್ನು ಕೂರಿಸಿ ಹೊರಟೆ.

"ಪಪ್ಪಾ, ಆಪ್ ಬಸ್ ಪೆಡಲ್ ಮಾರೋ. ದಿಮಾಗ್ ಮೇರಾ."

"ಆಯ್ತು ಮಾರಾಯ್ತಿ."

ಡಬ್ಬಿ ಮರದ ಬೇರಿನ ಸಂದಿಯಲ್ಲಿತ್ತು. (ಮೊದಲು ಕಂಡದ್ದು ನನಗೆ!) ಒಳಗೆ ಒಂದು ಗೋಲಿ, ಒಂದು ಕೀಚೈನು. ಮಗಳು ಗೋಲಿ ತೆಗೆದು ತನ್ನ ಹೇರ್‌ಕ್ಲಿಪ್ ಇಟ್ಟಳು, ಹೆಸರು ಬರೆದಳು. ಮುಚ್ಚಳ ಹಾಕಿ ಇಟ್ಟವನು ನಾನು.

ಅರ್ಧ ದಾರಿ ವಾಪಸ್ ಬಂದ ಮೇಲೆ ಹೆಮ್ಮೆಯಿಂದ ಹೇಳಿದೆ: "ನಾನೂ ಎರಡು ಚಕ್ಕುಲಿ ಇಟ್ಟು ಬಂದೆ."

ಅವಳ ಪೆಡಲ್ ನಿಂತಿತು. "ಕ್ಯಾ?!"

"ಮತ್ತೆ? ಇನ್ನೊಬ್ಬರ ಡಬ್ಬಿಯನ್ನು ತಿಂಡಿ ಹಾಕದೆ ವಾಪಸ್ ಕೊಡುವುದುಂಟಾ? ಕ್ಲಿಪ್ಪು ತಿನ್ಲಿಕ್ಕೆ ಆಗ್ತದಾ?"

"ಖಾನಾ ಅಲೌಡ್ ನಹೀ ಹೈ ಪಪ್ಪಾ! ಇಲಿ ಬಂದು ಡಬ್ಬಾ ಪೂರಾ ಖಾ ಜಾಯೇಗಾ!"

ಫೇಲ್. ನಮ್ಮ ಕ್ರಮವನ್ನೇ ಪಾಲಿಸಿ ಫೇಲ್! ಬೋಟು ತಿರುಗಿಸಿದೆವು. ದಡದಿಂದ ಬೋಟಿನವನ ಸೀಟಿ, ನನ್ನ ಮೊಣಕಾಲುಗಳ ಬೊಬ್ಬೆ. ಚಕ್ಕುಲಿ ಹೊರಗೆ ತೆಗೆದೆ. ಏನಾದರೂ ಇಡದೆ ಬರಲು ಮನಸ್ಸಾಗಲಿಲ್ಲ. ಜೇಬಿನಲ್ಲಿ ನಮ್ಮ ಹೋಟೆಲಿನ ಚಹಾ ಟೋಕನ್ ಇತ್ತು, ಹಾಕಿದೆ.

ಮಗಳು ನಕ್ಕಳು. "ಕೋಯೀ ಸಚ್ಚೀ ಮೇ ಚಾಯ್ ಪೀನೇ ಆಯಾ ತೋ?"

"ಬರಲಿ. ಚಕ್ಕುಲಿ ಅಲ್ಲಿ ಕೊಡುವ."

ಇಲಿಗೆ ತಪ್ಪಿದ ಚಕ್ಕುಲಿಯನ್ನು ಅವಳೇ ಕಡಿಯುತ್ತ ಬಂದಳು. ದಡ ಹತ್ತಿದ ಮೇಲೆ, ಮೊಬೈಲಿನಿಂದ ಕಣ್ಣೆತ್ತದೆ ಕೇಳಿದಳು: "ನೆಕ್ಸ್ಟ್ ಸಂಡೇ ಖಾರಘರ್. ಗುಡ್ಡ ಹತ್ತಬೇಕು. ಬರ್ತೀರಾ ಪಪ್ಪಾ?"

ಹಿಂದಿ ಬಿಟ್ಟು ಕನ್ನಡದಲ್ಲಿ ಕೇಳಿದರೆ ಇಲ್ಲ ಅನ್ನುವುದು ಹೇಗೆ?

ಸದ್ಯಕ್ಕೆ ನನ್ನಲ್ಲಿರುವುದು ಇಷ್ಟು: ಹೋಟೆಲು ಒಂದು, ನೋಯುವ ಮೊಣಕಾಲು ಎರಡು, ಭಾನುವಾರ ಒಂದು.