ಬೂದು ಬಟ್ಟೆಯ ಜೇಬು

ಮಗುವಿಗೆ ಶಾಲೆ ಹುಡುಕುವಾಗ ಜನ ಏನೇನೋ ನೋಡುತ್ತಾರೆ. ಕಟ್ಟಡ ನೋಡುತ್ತಾರೆ, ಮೈದಾನ ನೋಡುತ್ತಾರೆ, ಪಕ್ಕದ ಮನೆಯ ಮಗ ಎಲ್ಲಿ ಓದುತ್ತಾನೆಂದು ಕೇಳಿ ಹೊಟ್ಟೆಕಿಚ್ಚಿಗೆ ಅಲ್ಲಿಗೇ ಸೇರಿಸುವವರೂ ಇದ್ದಾರೆ. ಟೈಲರಮ್ಮ ನೋಡಿದ್ದು ಬಟ್ಟೆಯನ್ನು. ಹರಿದ ಮೊಣಕಾಲು, ಬಿಚ್ಚಿದ ಹೊಲಿಗೆ, ಕಿತ್ತುಹೋದ ಗುಂಡಿ. ನಗಬೇಡಿ, ಅವಳ ಜಾಗದಲ್ಲಿ ಕೂತಿದ್ದರೆ ನೀವೂ ಅದನ್ನೇ ನೋಡುತ್ತಿದ್ದಿರಿ.

ಅವರು ಈ ಊರಿಗೆ ಬಂದು ಇನ್ನೂ ಗಂಟುಮೂಟೆ ಬಿಚ್ಚಿರಲಿಲ್ಲ. ಹಳೆಯ ಊರಿನಲ್ಲಿ ಗಂಡ ದುಡಿಯುತ್ತಿದ್ದ ಸಿದ್ಧ ಉಡುಪಿನ ಕಾರ್ಖಾನೆ ಬಾಗಿಲು ಹಾಕಿತ್ತು. ಗಂಡನ ಅಣ್ಣ, ಅವಳಿಗೆ ಭಾವ, ಇಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದರು. "ನನಗೂ ಕೈ ಸಾಲ್ತಿಲ್ಲ, ಇಬ್ಬರೂ ಬಂದ್ಬಿಡಿ" ಎಂದು ಕರೆದರು. ಅಂಗಡಿಯಲ್ಲಿ ಗಂಡ ಬಟ್ಟೆ ಕತ್ತರಿಸುವ ಮೇಜು, ಅದರ ಪಕ್ಕಕ್ಕೆ ಅವಳ ಮಿಷನ್ನು, ಪರದೆ ಸರಿಸಿದರೆ ಒಂದು ಕೋಣೆ, ಆ ಕೋಣೆಯೇ ಸಂಸಾರ. ಬೀದಿಗೆ ಕಾಲಿಡಬೇಕಾದರೂ ಭಾವನ ಕುರ್ಚಿಯ ಮುಂದೆಯೇ ಹಾದುಹೋಗಬೇಕು. ಭಾವ ಒಳ್ಳೆಯವರೇ. ಆ ಒಳ್ಳೆಯತನವನ್ನು ಆಗಾಗ ನೆನಪು ಮಾಡಿಕೊಡುತ್ತಿದ್ದರು, ಅಷ್ಟೆ.

ಮಗಳಿಗೆ ಆರು ವರ್ಷ. ಕಾಲು ಒಂದು ಕಡೆ ನಿಲ್ಲದು, ಬಾಯಿಗೆ ಬಿಡುವಿಲ್ಲ. ಅಪ್ಪ ಅವಳನ್ನು ಕರೆಯುತ್ತಿದ್ದದ್ದೇ ಚಿನಕುರಳಿ ಎಂದು. ಹಳೆಯ ಊರಿನ ಶಾಲೆಯಲ್ಲಿ ಯಾರೋ ದೊಡ್ಡ ಮಕ್ಕಳು ಅವಳನ್ನು ಮೆಟ್ಟಿಲಿಂದ ತಳ್ಳಿದ್ದರು. ಅಂಗಿಯ ಹರಿದ ತೋಳು, ಹಣೆಯಲ್ಲಿ ಊತ ಹೊತ್ತು ಮನೆಗೆ ಬಂದ ಮಗಳನ್ನು ನೋಡಿ ಟೈಲರಮ್ಮನ ಜೀವ ಬಾಯಿಗೆ ಬಂದಿತ್ತು. ತೋಳಿಗೆ ತೇಪೆ ಹಾಕಿದ್ದಾಯಿತು, ಊತ ಇಳಿದದ್ದೂ ಆಯಿತು, ತಾಯಿಯ ಹೆದರಿಕೆ ಮಾತ್ರ ಇಳಿಯಲಿಲ್ಲ. ಹೊಸ ಊರಿನಲ್ಲಿ ಮಗಳ ಮೈಗೆ ಒಂದು ಗೀರೂ ಬೀಳದ ಶಾಲೆ ಸಿಗಬೇಕು, ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ನಡೆದು ಹೋಗುವಷ್ಟು ಹತ್ತಿರ ಇದ್ದದ್ದು ಎರಡು ಶಾಲೆ. ದಿಬ್ಬದ ಮೇಲಿನ ಶಾಲೆಗೆ ಹಸಿರು ಯೂನಿಫಾರ್ಮು, ದೊಡ್ಡ ಗೇಟಿನ ಶಾಲೆಗೆ ಬೂದು. ಎರಡೂ ಶಾಲೆಯ ಬಟ್ಟೆಗಳು ರಿಪೇರಿಗೆ ಬಂದು ಬೀಳುತ್ತಿದ್ದದ್ದು ಭಾವನ ಅಂಗಡಿಗೇ. ಹಸಿರು ಬಟ್ಟೆಗಳ ಅವತಾರ ಹೇಳತೀರದು. ಕಂಕುಳಲ್ಲಿ ಬಾಯಿಬಿಟ್ಟ ಅಂಗಿ, ಅಗಿದು ಅಗಿದು ನಾರಾದ ಕಾಲರು, ಸವೆದ ಮೊಣಕಾಲು, ಒಂದೂ ಗುಂಡಿಯಿಲ್ಲದೆ ಪಿನ್ನಿನ ಮೇಲೆ ಜೀವ ಹಿಡಿದುಕೊಂಡ ಸ್ಕರ್ಟು. ಎದುರಿನ ಔಷಧಿ ಅಂಗಡಿಯಾಕೆ ತನ್ನ ಮಗಳ ಹಸಿರು ಸ್ಕರ್ಟನ್ನು ವಾರಕ್ಕೊಮ್ಮೆಯಾದರೂ ತಂದು ಮೇಜಿನ ಮೇಲೆ ಒಗೆಯುತ್ತಿದ್ದಳು.

"ಗೋಡೆ ಹತ್ತಿದ್ಲಂತೆ ಕಣ್ರೀ. ಇದೇನು ಹೆಣ್ಣು ಮಗುನೋ ಕೋತಿಯೋ ನೀವೇ ಹೇಳಿ."

"ಅಲ್ರೀ, ಗೋಡೆ ಹತ್ತೋವಾಗ ಮಿಸ್ಸುಗಳು ಎಲ್ಲಿ ಹೋಗಿದ್ರು?"

"ಕೆಳಗೆ ನಿಂತು ಇಳಿಯೇ ಇಳಿಯೇ ಅಂತಿದ್ರಂತೆ!"

ಔಷಧಿ ಅಂಗಡಿಯಾಕೆ ನಕ್ಕಳು. ಟೈಲರಮ್ಮನಿಗೆ ನಗು ಬರಲಿಲ್ಲ.

ಬೂದು ಬಟ್ಟೆಗಳು ಬರುತ್ತಿದ್ದದ್ದು ಒಂದೇ ಕೆಲಸಕ್ಕೆ, ಉದ್ದ ಬಿಡಲು. ಮಗು ಬೆಳೆದಿದೆ, ಬಟ್ಟೆ ಹೊಸದರ ಹಾಗೇ ಇದೆ. ಟೈಲರಮ್ಮ ಒಂದೊಂದನ್ನೂ ಬೆಳಕಿಗೆ ಹಿಡಿದು ಮೊಣಕಾಲು ನೋಡಿದಳು, ಕಂಕುಳು ನೋಡಿದಳು, ಕಾಲರಿನ ಮಡಿಕೆ ನೋಡಿದಳು. ಎಲ್ಲೂ ಒಂದು ಎಳೆ ಎದ್ದಿರಲಿಲ್ಲ. ಮಕ್ಕಳನ್ನು ಹೂವಿನ ಹಾಗೆ ನೋಡಿಕೊಳ್ಳುವ ಶಾಲೆ ಇದು ಎಂದು ತೀರ್ಮಾನಿಸಿಬಿಟ್ಟಳು. ಗಂಡ ಎಂದಿನಂತೆ ಹೂಂ ಅಂದ.

ಗೇಟಿನ ಶಾಲೆಯ ದೊಡ್ಡ ಮಿಸ್ಸು ಮೆಲುದನಿಯ ಹೆಂಗಸು. ಮಗಳಿಗೆ ಸೀಟು ಕೊಟ್ಟರು. ಇವರು ಹೊಲಿಗೆಯವರೆಂದು ಗೊತ್ತಾದ ಮೇಲೆ, ಇಡೀ ಶಾಲೆಯ ಯೂನಿಫಾರ್ಮನ್ನು ಇನ್ನು ಮುಂದೆ ಭಾವನ ಅಂಗಡಿಗೇ ಕೊಡುವುದೆಂದೂ ಹೇಳಿದರು. ಭಾವ ಆ ದಿನ ಹಿಗ್ಗಿ ಹೀರೇಕಾಯಿಯಾದರು. "ನೋಡಮ್ಮ, ನಿನ್ನ ಕಾಲ್ಗುಣ!" ಎಂದರು. ಹೊಸ ಊರಿಗೆ ಬಂದಮೇಲೆ ಮೊದಲ ಸಲ ಟೈಲರಮ್ಮ ಅವರ ಕುರ್ಚಿಯ ಮುಂದೆ ತಲೆಯೆತ್ತಿ ನಡೆದಳು.

ಮಗಳ ಬಟ್ಟೆ ಬೆಳಿಗ್ಗೆ ಹೋದ ಹಾಗೆಯೇ ಸಂಜೆ ವಾಪಸು ಬರುತ್ತಿತ್ತು. ಇಸ್ತ್ರಿಯ ಗೆರೆ ಕೂಡ ಮಾಸದು. ಟೈಲರಮ್ಮ ಅದನ್ನು ಔಷಧಿ ಅಂಗಡಿಯಾಕೆಗೆ ತೋರಿಸಿ ಜಂಬ ಕೊಚ್ಚಿಕೊಂಡಳು. ಮಗಳ ಮಾತು ಕಡಿಮೆಯಾದದ್ದನ್ನು ಗಮನಿಸಲಿಲ್ಲವೆಂದಲ್ಲ. ಹೊಸ ಜಾಗ, ಹೊಂದಿಕೊಳ್ಳುತ್ತಿದ್ದಾಳೆ ಎಂದುಕೊಂಡಳು. ಚಿನಕುರಳಿ ಈಗ ಶಾಲೆಯಿಂದ ಬಂದವಳೇ ಬಟ್ಟೆಯ ಥಾನುಗಳ ನಡುವೆ ಬೆನ್ನು ನೆಟ್ಟಗೆ ಮಾಡಿ ಕೂತಿರುತ್ತಿದ್ದಳು. ಭಾವನಿಗೆ ಅದು ಬಹಳ ಹಿಡಿಸಿತು.

ಒಂದು ಸಂಜೆ ಮಗಳು ಒಳಗೆ ಬರುತ್ತಿದ್ದ ಹಾಗೆ ಗೌನಿನೊಳಗಿಂದ ರಬ್ಬರಿನ ಚೂರೊಂದು ನೆಲಕ್ಕೆ ಬಿತ್ತು. ಜೇಬು ತೂತಾಗಿದೆ ಎಂದು ಟೈಲರಮ್ಮ ಅದನ್ನು ಹೊರಕ್ಕೆ ಮಗುಚಿದಳು. ಮೂರು ಬೆರಳು ಹೋಗುವಷ್ಟು ತೂತು. ಮೊಳೆಗೆ ಸಿಕ್ಕಿ ಹರಿದದ್ದಲ್ಲ. ಅಂಚಿನಲ್ಲಿ ಬಟ್ಟೆ ಉಜ್ಜಿ ಉಜ್ಜಿ ತೆಳ್ಳಗಾಗಿ, ಎಳೆಗಳು ಸಣ್ಣ ಉಂಡೆಗಳಾಗಿ ಸುತ್ತಿಕೊಂಡಿದ್ದವು.

"ಏನು ಮಾಡ್ತೀಯ ಪುಟ್ಟಾ ಜೇಬೊಳಗೆ?"

"ಆಟ ಆಡ್ತೀನಿ."

"ಜೇಬಲ್ಲಿ ಎಂಥ ಆಟ?"

ಮಗಳು ಎರಡು ಬೆರಳನ್ನು ಕಾಲುಗಳ ಹಾಗೆ ಮೇಜಿನ ಮೇಲೆ ಓಡಿಸಿ ತೋರಿಸಿದಳು. "ಇದು ನಾನು. ಹೀಗೆ ಓಡ್ತೀನಿ. ಹೊರಗಡೆ ಓಡೋ ಹಾಗಿಲ್ಲಮ್ಮ. ಬಿಡುವಲ್ಲೂ ಸಾಲಲ್ಲಿ ಕೂತಿರ್ಬೇಕು. ಬಟ್ಟೆ ಕೊಳೆ ಆದ್ರೆ ಮರುದಿನ ಎಲ್ಲರ ಮುಂದೆ ನಿಂತ್ಕೋಬೇಕು. ಮಾತಾಡಿದ್ರೂ ನಿಂತ್ಕೋಬೇಕು. ಜೇಬಲ್ಲಾದ್ರೆ ಯಾರಿಗೂ ಕಾಣಲ್ಲ."

ಟೈಲರಮ್ಮ ತಿರುಗಿ ನೋಡಿದಳು. ಉದ್ದ ಬಿಡಲು ಬಂದಿದ್ದ ಬೂದು ಬಟ್ಟೆಗಳ ರಾಶಿ ಪಕ್ಕದಲ್ಲೇ ಇತ್ತು. ಟೈಲರಮ್ಮನ ಅಪ್ಪನೂ ಹೊಲಿಗೆಯವನೇ. ಸೂಜಿಗೆ ದಾರ ಪೋಣಿಸುವುದನ್ನು ಕಲಿಸುವ ಮೊದಲು ಅವನು ಅವಳಿಗೆ ಕಲಿಸಿದ್ದು ಗಿರಾಕಿಯ ಜೇಬಿಗೆ ಯಾವತ್ತೂ ಕೈ ಹಾಕಬಾರದು ಎಂಬುದನ್ನು. ಒಂದು ಸಲ ಅಪವಾದ ಬಂದರೆ ಅಂಗಡಿ ಮುಚ್ಚಬೇಕಾಗುತ್ತದೆ ಎನ್ನುತ್ತಿದ್ದ. ಅವಳು ಅದನ್ನು ವ್ರತದಂತೆ ಪಾಲಿಸಿಕೊಂಡು ಬಂದವಳು. ಬೂದು ಬಟ್ಟೆಗಳ ಮೂಲೆ ಮೂಲೆ ನೋಡಿದ್ದಳು, ಜೇಬೊಂದನ್ನು ಬಿಟ್ಟು.

ಈಗ ಒಂದೊಂದಾಗಿ ಮಗುಚಿದಳು. ಮೊದಲನೆಯದರಲ್ಲಿ ತೂತು. ಎರಡನೆಯದರಲ್ಲಿ ಯಾರೋ ತಾಯಿ ಮನೆಯಲ್ಲೇ ಹಾಕಿದ ತೇಪೆ, ತೇಪೆಯಲ್ಲೂ ತೂತು. ಮುಂದಿನದರಲ್ಲಿ ಜೇಬಿನ ತಳವೇ ಇರಲಿಲ್ಲ. ಇಷ್ಟು ದಿನ ಕೈಯಲ್ಲಿ ಹಿಡಿದು ಮೆಚ್ಚಿದ ಬಟ್ಟೆಗಳು ಇವೇ. ಮಗಳನ್ನು ತಾನೇ ಬೆರಳು ಹಿಡಿದು ಕರೆದುಕೊಂಡು ಹೋಗಿ ಕೂಡಿಹಾಕಿ ಬಂದಿದ್ದಳು.

"ಅವಳನ್ನ ದಿಬ್ಬದ ಶಾಲೆಗೆ ಹಾಕೋಣ ರೀ" ಎಂದಳು ಗಂಡನಿಗೆ, ಭಾವನಿಗೂ ಕೇಳುವ ಹಾಗೆ.

ಗಂಡ ಕತ್ತರಿ ಕೆಳಗಿಟ್ಟು ಅಣ್ಣನ ಮುಖ ನೋಡಿದ. ಭಾವ ಕನ್ನಡಕ ತೆಗೆದು ಒರೆಸಿಕೊಂಡರು. ಸಿಟ್ಟು ಮಾಡಲಿಲ್ಲ, ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು.

"ಅಲ್ಲಮ್ಮ, ಶಾಲೆ ಆರಿಸಿದ್ದು ನೀನು. ನಾವ್ಯಾರಾದ್ರೂ ಹೇಳಿದ್ವಾ? ಇಡೀ ಶಾಲೆಯ ಬಟ್ಟೆ ನಮ್ಮ ಕೈಲಿದೆ. ನಮ್ಮ ಮಗೂನೇ ಬಿಡಿಸಿಕೊಂಡು ಬಂದ್ರೆ ಅವರು ಏನಂದ್ಕೋತಾರೆ? ಆ ಕೆಲಸ ಹೋದ್ರೆ ಮೂರು ಜನರ ಕೈಗೆ ಇಲ್ಲಿ ಕೆಲಸ ಎಲ್ಲಿದೆ? ಶಿಸ್ತು ಕಲೀತಾಳೆ ಬಿಡು, ಒಳ್ಳೇದೇ."

"ಈ ವರ್ಷ ಒಂದು ಮುಗೀಲಿ ಕಣೇ" ಎಂದ ಗಂಡ ಮೆಲ್ಲಗೆ. ಅವನ ದನಿಯಲ್ಲಿ ಬೇಡಿಕೊಳ್ಳುವಂಥದ್ದೇನೋ ಇತ್ತು. ಈ ಮನೆ ಬಿಟ್ಟರೆ ತಲೆ ಮೇಲೆ ಸೂರಿಲ್ಲ ಎಂಬುದು ಅವಳಿಗೂ ಗೊತ್ತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಅವಳು ಮಿಷನ್ನಿನ ಮುಂದೆ ಹೋಗಿ ಕೂತು ಮಗಳ ಜೇಬಿಗೆ ಹೊಸ ಬಟ್ಟೆ ಹಾಕಿದಳು. ಇದ್ದುದರಲ್ಲೇ ಗಟ್ಟಿ ಬಟ್ಟೆ ಹುಡುಕಿ, ಒಂದು ಬೆರಳು ಹೆಚ್ಚೇ ಆಳ ಇಟ್ಟು ಹೊಲಿದಳು. ಓಡುವುದಕ್ಕೆ ಅಷ್ಟಾದರೂ ಜಾಗ ಇರಲಿ ಎಂದುಕೊಂಡಳು.

ಅದೂ ಬಹಳ ದಿನ ಬಾಳಲಿಲ್ಲ. ದೊಡ್ಡ ಮಿಸ್ಸೇ ಅಂಗಡಿಗೆ ಬಂದರು. ಭಾವ ಎದ್ದು ತಮ್ಮ ಕುರ್ಚಿಯನ್ನೇ ಕೊಟ್ಟರು.

"ಮಕ್ಕಳು ಜೇಬಿಗೆ ಕೈ ಹಾಕ್ಕೊಂಡು ಏನೋ ಮಾಡ್ತಾ ಇರ್ತಾರೆ, ಪಾಠದ ಕಡೆ ಗಮನ ಇರಲ್ಲ" ಎಂದರು ಮೆಲುದನಿಯಲ್ಲಿ. "ಎಲ್ಲರ ಜೇಬಿನ ಬಾಯಿ ಹೊಲಿದುಬಿಡಿ. ಹೊರಗಿನಿಂದ ಜೇಬು ಕಾಣ್ತಾ ಇರಲಿ, ನೋಡೋಕೆ ಚೆಂದ."

"ಅವು ಮಕ್ಕಳು ಮಿಸ್, ಕೈ ಎಲ್ಲಾದ್ರೂ..." ಎಂದು ಟೈಲರಮ್ಮ ಶುರು ಮಾಡಿದಳು. ಭಾವ ಕೆಮ್ಮಿದರು. ಗಂಡ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ ತಲೆ ತಗ್ಗಿಸಿದ.

ಬೂದು ಬಟ್ಟೆಗಳು ಮೂಟೆ ಮೂಟೆಯಾಗಿ ಬಂದವು. ಅವಳು ಒಂದೊಂದರ ಜೇಬಿನ ಬಾಯನ್ನೂ ಮುಚ್ಚುತ್ತ ಹೋದಳು. ಕೈ ತಾನಾಗಿ ನಡೆಯುವ ಕೆಲಸ, ಒಂದು ಗೆರೆ ಹೊಲಿದರೆ ಮುಗಿಯಿತು. ಹಸಿರು ಸ್ಕರ್ಟು ಹಿಡಿದು ಬಂದ ಔಷಧಿ ಅಂಗಡಿಯಾಕೆ "ಇವತ್ತು ಮರ ಅಂತೆ ಕಣ್ರೀ!" ಎಂದು ಬೈಯತೊಡಗಿದಾಗ ಟೈಲರಮ್ಮ ಆ ಹರಿದ ಅಂಚನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಳು. ಅಷ್ಟು ಹೊಟ್ಟೆಕಿಚ್ಚು ಅವಳಿಗೆ ಬದುಕಿನಲ್ಲಿ ಯಾರ ಮೇಲೂ ಹುಟ್ಟಿರಲಿಲ್ಲ.

ಮಗಳ ಗೌನನ್ನು ಕೊನೆಗೆ ಉಳಿಸಿಕೊಂಡಿದ್ದಳು. ಅದರ ಜೇಬಿನ ಮೇಲೂ ಹೊಲಿಗೆ ಎಳೆದಳು, ಆದರೆ ಪಕ್ಕದಲ್ಲಿ ಒಂದಿಷ್ಟು ಬಿಟ್ಟಳು. ಮೇಲಿನ ಪಟ್ಟಿ ಎತ್ತಿ ನೋಡದ ಹೊರತು ಯಾರಿಗೂ ಕಾಣದು, ಎರಡು ಬೆರಳು ಸಲೀಸಾಗಿ ಹೋಗುತ್ತವೆ. ಬಹಳ ದಿನದ ಮೇಲೆ ಅವಳಿಗೆ ಒಳಗೊಳಗೇ ಖುಷಿಯಾಯಿತು.

ಬೆಳಿಗ್ಗೆ ಗೌನು ತೊಟ್ಟ ಮಗಳು ಜೇಬಿನ ಮೇಲೆ ಕೈಯಾಡಿಸಿದಳು. ಬೆರಳಿಗೆ ಸಂದು ಸಿಕ್ಕಿತು. ಟೈಲರಮ್ಮ ಕಣ್ಣು ಮಿಟುಕಿಸಿದಳು. ಮಗಳು ನಗಲಿಲ್ಲ.

"ಅಮ್ಮಾ, ಇಲ್ಲಿ ಹೊಲಿಗೆ ಬಿಟ್ಟೋಗಿದೆ."

"ಬಿಟ್ಟೋಗಿಲ್ಲ ಪುಟ್ಟಾ, ನಾನೇ ಬಿಟ್ಟಿದೀನಿ. ನಿನ್ನ ಆಟಕ್ಕೆ."

"ಬೇಡಮ್ಮ." ಮಗಳು ಆಗಲೇ ಗೌನಿನ ಗುಂಡಿ ಬಿಚ್ಚುತ್ತಿದ್ದಳು. "ಮಿಸ್ಸು ಒಬ್ಬೊಬ್ಬರದೇ ಮುಟ್ಟಿ ನೋಡ್ತಾರೆ. ಎಲ್ಲರದ್ದೂ ಮುಚ್ಚಿ ನಂದೊಂದೇ ತೆರೆದಿದ್ರೆ ನನ್ನ ನಿಲ್ಲಿಸ್ತಾರೆ. ಹೊಲಿದುಬಿಡು, ಬೇಗ, ಹೊತ್ತಾಗತ್ತೆ."

ಟೈಲರಮ್ಮ ಗಂಡನ ಕಡೆ ನೋಡಿದಳು, ಅವನು ಸೀಮೆಸುಣ್ಣದಿಂದ ಬಟ್ಟೆಯ ಮೇಲೆ ಗೆರೆ ಎಳೆಯುತ್ತಿದ್ದ. ಭಾವ ಬಾಗಿಲ ಬಳಿ ತಮ್ಮ ಕುರ್ಚಿಯಲ್ಲಿ ಕೂತಿದ್ದರು. ಅವಳು ಗೌನನ್ನು ಮಿಷನ್ನಿನ ಮೇಲಿಟ್ಟು ಪೆಡಲು ತುಳಿದಳು. ಕಣ್ಣು ಮಂಜಾಗಿದ್ದರೂ ಹೊಲಿಗೆ ನೆಟ್ಟಗೇ ಬಂತು.

ಮಗಳು ಅದನ್ನು ಮತ್ತೆ ತೊಟ್ಟು ಜೇಬಿನ ಬಾಯನ್ನು ಈ ತುದಿಯಿಂದ ಆ ತುದಿಯವರೆಗೆ ಬೆರಳಲ್ಲಿ ಒತ್ತಿ ನೋಡಿದಳು. ಎಲ್ಲೂ ಸಂದಿರಲಿಲ್ಲ.

"ಈಗ ಗಟ್ಟಿಯಾಗಿದೆ" ಎಂದಳು. "ಚೆನ್ನಾಗಿ ಹೊಲ್ದಿದೀಯಮ್ಮ."

ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಶಾಲೆಗೆ ಹೊರಟಳು.