ಅಂಡಮಾನಿನ ದೋಣಿಯಲ್ಲಿ ಪೀಣ್ಯದ ಜಗಳ

1995ರಲ್ಲಿ ನಾನು ಪೀಣ್ಯದ ಡೀಸೆಲ್ ಜನರೇಟರ್ ಕಾರ್ಖಾನೆಯೊಂದರಲ್ಲಿ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಮಾರಿದ ಯಂತ್ರವನ್ನು ಗಿರಾಕಿಯ ಜಾಗದಲ್ಲಿ ಕೂರಿಸಿ, ಓಡಿಸಿ ತೋರಿಸಿ ಬರುವುದು ನನ್ನ ಕೆಲಸ. ಆ ವರ್ಷ ಅಂಡಮಾನಿನ ಕೆಲವು ಸಣ್ಣ ದ್ವೀಪಗಳಿಗೆ ಜನರೇಟರ್ ಒದಗಿಸುವ ಆರ್ಡರ್ ಬಂತು. ರಸ್ತೆಯಿಲ್ಲ, ಕ್ರೇನ್ ಇಲ್ಲ. ಪೋರ್ಟ್ ಬ್ಲೇರಿನಲ್ಲಿ ಮರದ ಮೋಟಾರು ದೋಣಿಗೆ ಯಂತ್ರಗಳನ್ನು ಏರಿಸಿಕೊಂಡು, ದ್ವೀಪದಿಂದ ದ್ವೀಪಕ್ಕೆ ಸಾಗುತ್ತ ಒಂದೊಂದನ್ನೇ ಇಳಿಸಿ ಚಾಲೂ ಮಾಡಬೇಕಿತ್ತು.

ನನ್ನ ಜೊತೆಗೆ ಇಬ್ಬರನ್ನು ಹಾಕಿದರು. ಫಿಟ್ಟರ್ ಮಲ್ಲೇಶ ಗದಗದ ಕಡೆಯವನು. ತಮ್ಮ ಶಿವುವಿನೊಂದಿಗೆ ರಾಜಗೋಪಾಲನಗರದ ಬಾಡಿಗೆ ಕೋಣೆಯಲ್ಲಿದ್ದ. ಎಲೆಕ್ಟ್ರಿಷಿಯನ್ ನಾಗರಾಜ ದಾಸರಹಳ್ಳಿಯವನು. ಹಿಂದಿನ ವರ್ಷ ನಮ್ಮ ಕಾರ್ಖಾನೆಯ ಮುಷ್ಕರದಲ್ಲಿ, ಅಲ್ಲೇ ಕೆಲಸಕ್ಕಿದ್ದ ಶಿವು ಗೇಟಿನ ಹೊರಗೆ ಧರಣಿ ಕೂತಿದ್ದ. ನಾಗರಾಜ ಒಳಗೆ ಕೆಲಸಕ್ಕೆ ಹೋಗುತ್ತಿದ್ದ. ಒಂದು ಸಂಜೆ ಯಾರೋ ಕರೆಸಿದ ಗೂಂಡಾಗಳು ಬಸ್ ಸ್ಟಾಪಿನಲ್ಲಿ ಶಿವುವನ್ನೇ ಹುಡುಕಿ ಸೈಕಲ್ ಚೈನಿನಿಂದ ಹೊಡೆದರು. ಅವನ ಎಡಗಣ್ಣು ಹೋಯಿತು. ಗುರುತು ತೋರಿಸಿದವನು ನಾಗರಾಜ ಎಂದು ಮಲ್ಲೇಶ ನಂಬಿದ್ದ. ನಾಗರಾಜ ಒಪ್ಪಿರಲಿಲ್ಲ.

“ಇವರಿಬ್ಬರನ್ನ ಒಟ್ಟಿಗೆ ಕಳಿಸಬೇಡಿ ಸಾರ್” ಎಂದು ಮ್ಯಾನೇಜರಿಗೆ ಹೇಳಿದೆ.

“ಈ ಕೆಲಸ ಗೊತ್ತಿರೋರು ಬೇರೆ ಯಾರಿದ್ದಾರೆ? ಸಮುದ್ರದ ಮಧ್ಯೆ ಏನ್ ಜಗಳ ಆಡ್ತಾರೆ ಬಿಡ್ರೀ” ಎಂದರು.

ಮೊದಲ ಎರಡು ದ್ವೀಪಗಳಲ್ಲಿ ಕೆಲಸ ಸಲೀಸಾಗಿ ಮುಗಿಯಿತು. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಸ್ಪ್ಯಾನರ್ ಬೇಕಿದ್ದರೂ ನನ್ನ ಮೂಲಕವೇ ಕೇಳುತ್ತಿದ್ದರು. ದೋಣಿ ನಡೆಸುವ ಸಾರಂಗ್ ತೆಲುಗಿನ ಮುದುಕ ಅಪ್ಪಾರಾವ್. ಅವನಿಗೆ ಒಬ್ಬ ಸಹಾಯಕ. ಬಿಸಿಲು, ಉಪ್ಪುಗಾಳಿ, ಡೀಸೆಲ್ ವಾಸನೆ. ನಡೆಯಲು ಜಾಗವಿಲ್ಲದಷ್ಟು ಸಾಮಾನು. ದ್ವೇಷ ಇಟ್ಟುಕೊಂಡವರು ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡೇ ಉಣ್ಣಬೇಕಿತ್ತು.

ಮೂರನೆಯ ದ್ವೀಪಕ್ಕೆ ಹೋಗುವಾಗ, ಹವಳದ ಬಂಡೆಗಳ ನಡುವಿನ ಕಿರಿದಾದ ದಾರಿಯಲ್ಲಿ ದೋಣಿ ನಿಧಾನವಾಗಿ ಸಾಗುತ್ತಿತ್ತು. ಸಮುದ್ರ ಇಳಿದಿತ್ತು, ಬಂಡೆಗಳ ತಲೆ ಅಲ್ಲಲ್ಲಿ ಕಾಣುತ್ತಿತ್ತು. ಮಲ್ಲೇಶ ಊಟದ ತಟ್ಟೆ ತೊಳೆದ ನೀರು ನಾಗರಾಜನ ಮೇಲೆ ಸಿಡಿಯಿತು.

“ಕಣ್ ಕಾಣ್ಸಲ್ವೇನೋ? ನಿಮ್ಮನೇಲಿ ಎಲ್ರಿಗೂ ಅದೇ ರೋಗಾನಾ?” ಎಂದುಬಿಟ್ಟ ನಾಗರಾಜ.

ಮಲ್ಲೇಶ ಕೈಗೆ ಸಿಕ್ಕ ಪೈಪ್ ರೆಂಚ್ ಎತ್ತಿ ಬೀಸಿದ. ನಾಗರಾಜನ ಭುಜಕ್ಕೆ ಬಿತ್ತು. ನಾಗರಾಜ ಕೇಬಲ್ ಸುಲಿಯುವ ಚಾಕುವಿನಿಂದ ಅವನ ಮುಂಗೈ ಸೀಳಿದ. ಬಿಡಿಸಲು ನಾನು ನಡುವೆ ನುಗ್ಗಿದೆ. ರೆಂಚಿನ ಎರಡನೆಯ ಏಟು ನನ್ನ ಬಲಗೈಗೆ ಬಿದ್ದು, ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ನಾನು ಕುಸಿದು ಕೂತೆ. ಮಲ್ಲೇಶ ನಾಗರಾಜನ ಕೊರಳಪಟ್ಟಿ ಹಿಡಿದು ಎತ್ತಿ ಎಸೆದ. ಅವನು ಹೋಗಿ ಚುಕ್ಕಾಣಿ ಹಿಡಿದಿದ್ದ ಅಪ್ಪಾರಾವ್ ಮೇಲೆ ಬಿದ್ದ. ದೋಣಿ ಗರಕ್ಕನೆ ತಿರುಗಿ ಬಂಡೆಗೆ ಅಪ್ಪಳಿಸಿತು.

ತಳದ ಹಲಗೆ ಒಡೆಯಿತು. ದೋಣಿ ಒಂದು ಬದಿಗೆ ವಾಲಿತು. ಒಂದು ಜನರೇಟರಿಗೆ ಬಿಗಿದಿದ್ದ ಹಗ್ಗಗಳು ಪಟಪಟನೆ ಕಿತ್ತುಹೋಗಿ, ಆ ಇಡೀ ಯಂತ್ರ ಜಾರಿ ನಾಗರಾಜನ ಕಾಲನ್ನು ದೋಣಿಯ ಅಂಚಿಗೆ ಅದುಮಿ ನಿಂತಿತು. ಮನುಷ್ಯ ಹಾಗೆ ಕೂಗುವುದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಅಪ್ಪಾರಾವ್ ತಳ ನೋಡಿ ಬಂದು ಹಿಂದಿಯಲ್ಲಿ ಹೇಳಿದ: ಈಗ ಬಂಡೆಯೇ ನಮ್ಮನ್ನು ಹಿಡಿದಿದೆ. ಉಬ್ಬರ ಶುರುವಾಗಿ ಸಮುದ್ರ ಏರತೊಡಗಿದೆ. ದೋಣಿ ಬಂಡೆಯಿಂದ ಎದ್ದಿತೋ, ಮುಳುಗುತ್ತದೆ. ಅಷ್ಟರೊಳಗೆ ಇವನನ್ನು ಬಿಡಿಸಿ.

ಅವನೂ ಸಹಾಯಕನೂ ನೀರು ಎತ್ತಿ ಚೆಲ್ಲುತ್ತಿದ್ದರು. ಯಂತ್ರ ಎತ್ತಲು ನಮ್ಮಲ್ಲಿದ್ದದ್ದು ಚೈನ್ ಪುಲ್ಲಿ; ಸಾಮಾನು ಎತ್ತಲೆಂದು ದೋಣಿಯಲ್ಲಿ ನೆಟ್ಟಿದ್ದ ಕಂಬಕ್ಕೆ ತೂಗುಹಾಕಿ ಸರಪಳಿ ಎಳೆದರೆ ಭಾರ ಇಷ್ಟಿಷ್ಟೇ ಮೇಲೇರುತ್ತದೆ. ನನ್ನ ಕೈ ಮುರಿದಿತ್ತು. ಎಳೆಯಬಲ್ಲವನು ಮಲ್ಲೇಶ ಒಬ್ಬನೇ. ಅವನು ರಕ್ತ ಸುರಿಯುವ ಕೈ ಹಿಡಿದುಕೊಂಡು ನಿಂತೇ ಇದ್ದ.

“ಎಳಿಯೋ ಮಲ್ಲೇಶ!” ಎಂದು ಅರಚಿದೆ.

“ಇವ ಸತ್ರ ನನ್ನ ತಮ್ಮನ ಕಣ್ಣು ಬರೂದಿಲ್ಲ. ಅದು ನನಗೂ ಗೊತ್ತೈತ್ರಿ ಸಾರ್. ಆದ್ರ ಕೈ ಏಳವಲ್ದು.”

ನೀರು ನಾಗರಾಜನ ಸೊಂಟ ಮುಟ್ಟಿತ್ತು. ಅವನು ಕೂಗುವುದನ್ನು ನಿಲ್ಲಿಸಿ ಮಲ್ಲೇಶನನ್ನೇ ನೋಡಿದ. “ನಾನೇ ತೋರಿಸ್ದೆ ಕಣೋ ಶಿವೂನ. ಹೆದರಿಸ್ತಾರೆ ಅಷ್ಟೇ ಅಂದ್ಕೊಂಡಿದ್ದೆ. ಕಣ್ಣು ತೆಗೀತಾರೆ ಅಂತ ಗೊತ್ತಿರ್ಲಿಲ್ಲ. ಬಿಟ್ಟೋಗೋದಾದ್ರೆ ಬಿಟ್ಟೋಗು.”

ಮಲ್ಲೇಶ ನೀರಿಗಿಳಿದು ಹತ್ತಿರ ಹೋದ. ಕೈ ಮುಷ್ಟಿ ಮಾಡಿ ಅವನ ಮುಖಕ್ಕೆ ಒಂದೇ ಒಂದು ಗುದ್ದು ಕೊಟ್ಟ. ನಾಗರಾಜನ ತುಟಿ ಒಡೆಯಿತು. ಆಮೇಲೆ ಚೈನ್ ಪುಲ್ಲಿಯನ್ನು ಕಂಬಕ್ಕೆ ಹಾಕಿ, ಕೊಕ್ಕೆಯನ್ನು ಯಂತ್ರಕ್ಕೆ ಸಿಕ್ಕಿಸಿ ಎಳೆಯತೊಡಗಿದ. ಸೀಳಿದ ಕೈಯ ರಕ್ತಕ್ಕೆ ಸರಪಳಿ ಜಾರುತ್ತಿತ್ತು. ಅಂಗಿ ಹರಿದು ಸುತ್ತಿಕೊಂಡು ಮತ್ತೆ ಎಳೆದ. ಎಳೆಯುತ್ತ ಅಳುತ್ತಿದ್ದ, ಬೈಯುತ್ತಿದ್ದ. ಯಂತ್ರ ಒಂದು ಗೇಣು ಎದ್ದಾಗ ಅಪ್ಪಾರಾವ್ ನಾಗರಾಜನನ್ನು ಹೊರಗೆಳೆದ.

ಮಲ್ಲೇಶನೇ ಅವನನ್ನು ಹೆಗಲ ಮೇಲೆ ಹೊತ್ತು, ಹಿಂದೆ ಕಟ್ಟಿದ್ದ ಚಿಕ್ಕ ದೋಣಿಗೆ ಹಾಕಿದ. ಎದುರಿನ ದ್ವೀಪದ ಮರಳಿನಲ್ಲಿ ಕೂತು, ನಮ್ಮ ದೋಣಿ ಮೆಲ್ಲನೆ ಎದ್ದು, ಹೊರಳಿ, ಉಳಿದ ಯಂತ್ರಗಳ ಸಮೇತ ಮುಳುಗುವುದನ್ನು ನೋಡಿದೆವು. ಮರುದಿನ ಆ ದಾರಿಯಲ್ಲಿ ಬಂದ ಸರಕಾರಿ ಲಾಂಚ್ ನಮ್ಮನ್ನು ಪೋರ್ಟ್ ಬ್ಲೇರಿನ ಆಸ್ಪತ್ರೆಗೆ ಮುಟ್ಟಿಸಿತು. ನಾಗರಾಜನ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು.

ಬೆಂಗಳೂರಿನಲ್ಲಿ ಕಾರ್ಖಾನೆಯವರು ವಿಚಾರಣೆ ನಡೆಸಿದರು. ಊರುಗೋಲು ಹಿಡಿದು ಬಂದ ನಾಗರಾಜ, “ಅಲೆಗೆ ದೋಣಿ ತಿರುಗ್ತು ಸಾರ್, ಯಾರ್ದೂ ತಪ್ಪಿಲ್ಲ” ಎಂದ. ಮಲ್ಲೇಶ ಎದ್ದು ನಿಂತ. “ಸುಳ್ರಿ. ನಾನ ಹೊಡದೀನಿ. ಅವ ಮಾಡಿದ್ದನ್ನೂ ಅವನ ಬಾಯಿಂದ ಹೇಳಸ್ರಿ.” ನಾಗರಾಜ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ, ಗೂಂಡಾಗಳನ್ನು ಕರೆಸಿದವರ ಹೆಸರೂ ಸೇರಿ. ಆ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ. ಮಲ್ಲೇಶನ ಕೆಲಸ ಹೋಯಿತು. ಅವನು ದೊಡ್ಡನೆಕ್ಕುಂದಿಯ ಸಣ್ಣ ವರ್ಕ್‌ಶಾಪೊಂದಕ್ಕೆ ಸೇರಿದ. ನನಗೆ ತಿಳಿದಂತೆ ಅವರಿಬ್ಬರೂ ಮತ್ತೆ ಭೇಟಿಯಾಗಲಿಲ್ಲ.

ಆಮೇಲೆ ನಿವೃತ್ತನಾಗುವವರೆಗೆ, ಯಾವ ಸೈಟಿಗೆ ಜನ ಕಳಿಸುವಾಗಲೂ ಯಂತ್ರದ ತೂಕಕ್ಕಿಂತ ಮೊದಲು ಯಾರ ಜೊತೆ ಯಾರು ಹೋಗುತ್ತಾರೆ ಎಂದು ವಿಚಾರಿಸುತ್ತಿದ್ದೆ. ಸರಿ ಕಾಣದಿದ್ದರೆ ಯಂತ್ರವನ್ನು ಲಾರಿಗೆ ಏರಿಸಲು ಬಿಡುತ್ತಿರಲಿಲ್ಲ. ಅದಕ್ಕಾಗಿ ಬೈಸಿಕೊಂಡದ್ದೂ ಉಂಟು. ಅವರವರ ಕ್ಷಮೆ ಅವರವರಿಗೆ ಬಿಟ್ಟದ್ದು. ಹೋದವರೆಲ್ಲ ಜೀವಸಹಿತ ಮನೆಗೆ ಮರಳುವಂತೆ ನೋಡಿಕೊಳ್ಳುವುದು ಮಾತ್ರ ನನ್ನ ಕೆಲಸವಾಗಿತ್ತು.