ಬಿಡೂದು ಕಲಿಸಿದ ಮಲ್ಲಪ್ಪ ಕಾಕಾ

ಕುದುರೆ ರೇಸಿನ ಪುಸ್ತಕ ಕೈಗೆ ಬಂದದ್ದೇ ತಡ, ಮಲ್ಲಪ್ಪ ಕಾಕಾ ಕೆಂಪು ಪೆನ್ನು ತೆಗೆದು ಕಾಟು ಹೊಡೆಯಲು ಕೂಡುತ್ತಿದ್ದರು. ಎಂಟು ರೇಸಿದ್ದರೆ ಏಳಕ್ಕೆ ಕಾಟು. ಎಷ್ಟೋ ಸಲ ಎಂಟನೆಯದಕ್ಕೂ. ಆಮೇಲೆ ದೊಡ್ಡ ಕೆಲಸ ಮುಗಿಸಿದವರಂತೆ ಚಹಾ ಹೇಳುತ್ತಿದ್ದರು.

"ರೊಕ್ಕ ಹಚ್ಚೂದು ಯಾರಿಗರ ಬರ್ತೈತಿ ಮಾಸ್ತರ. ಬಿಡೂದು ಕಲಿ."

ಅವರು ಗುಡೂರಿನವರು. ಪಶು ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದು, ನಿವೃತ್ತರಾದ ಮೇಲೆ ವಿದ್ಯಾಗಿರಿಯ ನಮ್ಮ ಓಣಿಗೇ ಬಂದಿದ್ದರು. ನಾನು ಕಾಲೇಜಿನಲ್ಲಿ ಗಣಿತ ಕಲಿಸುವವನು. ಹುಡುಗರಿಗೆ ಸಂಭವನೀಯತೆ ಹೇಳಿಕೊಡುವವನಿಗೆ ಕುದುರೆ ಯಾವ ಲೆಕ್ಕ ಎಂಬ ಸೊಕ್ಕು ನನಗೆ.

ಒಮ್ಮೆ, ಮೊದಲ ಸಲ ಓಡುವ ಕುದುರೆಗಳ ರೇಸಿಗೆ ಅವರು ಕಾಟು ಹೊಡೆದಾಗ ನಾನು ವಾದಕ್ಕಿಳಿದೆ.

"ಒಂದ್ಸಲಾನೂ ಓಡದ ಕುದುರಿ ಬಗ್ಗೆ ನಿನಗೇನು ಗೊತ್ತೈತಿ?" ಎಂದರು ಕಾಕಾ.

"ಅದರ ತಂದಿ-ತಾಯಿ ಭಾಳ ರೇಸ್ ಗೆದ್ದಾವ್ರಿ."

"ನಿಮ್ಮಪ್ಪ ಪೈಲ್ವಾನ ಇದ್ದ. ನೀ ನಾಕು ಮೆಟ್ಟಲಾ ಹತ್ತಿದ್ರ ತೇಕ್ತಿ."

ಆದರೂ ಹಚ್ಚಿದೆ. ಆ ಕುದುರೆಯೂ ನನ್ನಂತೆಯೇ ತೇಕುತ್ತ ಕೊನೆಗೆ ಬಂತು.

ಒಂದು ಚಳಿಗಾಲದಲ್ಲಿ ಇಬ್ಬರೂ ರೇಸು ನೋಡಲು ಬೆಂಗಳೂರಿಗೆ ಹೋದೆವು. ಓಟಕ್ಕೆ ಮೊದಲು ಕುದುರೆಗಳನ್ನು ಸುತ್ತು ಹಾಕಿಸುವಲ್ಲಿ ಕಾಕಾ ಕಟಕಟೆಗೆ ಆತು ನಿಂತರು. ಎಲ್ಲರ ಬಾಯಲ್ಲಿದ್ದದ್ದು ಒಂದು ಕೆಂದು ಕುದುರೆ. ನನ್ನ ಲೆಕ್ಕದಲ್ಲೂ ಅದೇ.

"ಎಡ ಮುಂಗಾಲು ಪೂರಾ ಊರವಲ್ದು," ಎಂದರು ಕಾಕಾ. "ನೋವೈತಿ ಅದಕ್ಕ. ಈ ರೇಸ್ ಬಿಡು."

ತಲೆಯಾಡಿಸಿದೆ. ಮೂತ್ರಕ್ಕೆ ಹೋಗಿಬರುತ್ತೇನೆಂದು ಹೇಳಿ, ಹೆಂಡತಿ ಇಳಕಲ್ ಸೀರೆಗೆಂದು ಎತ್ತಿಟ್ಟಿದ್ದ, ನಾನು ಹೇಳದೆ ತಂದಿದ್ದ ಹಣವನ್ನೂ ಸೇರಿಸಿ ಅದೇ ಕುದುರೆಗೆ ಹಚ್ಚಿಬಂದೆ.

ತಿರುವಿನಲ್ಲಿ ಅದು ಕುಂಟಿ ನಿಂತಿತು. ಸವಾರ ಕೆಳಗಿಳಿದ. ಸುತ್ತಲಿದ್ದವರ ಜೊತೆ ನಾನೂ ಕೂಗಿದೆ: "ಹಾಳಾದ ಕುದುರಿ!"

ಕಾಕಾ ನನ್ನ ಕಡೆ ತಿರುಗಿದರು. "ಹಚ್ಚಿದಿ ಏನು?"

ಕಿಸೆಯಿಂದ ಟಿಕೀಟು ತೆಗೆದು ತೋರಿಸಿದೆ.

"ಅದು ನೋವಿನಾಗ ಸಾಯಾಕ ಹತ್ತೈತಿ, ನೀ ಅದಕ್ಕ ಬೈತಿ."

ಕುದುರೆಯನ್ನು ನಡೆಸಿಕೊಂಡು ಹೋಗುವತನಕ ಅವರು ಅಲ್ಲಿಂದ ಕದಲಲಿಲ್ಲ. ರೈಲು ಗದಗ ದಾಟುವತನಕ ನನಗೆ ಬೆನ್ನು ತಿರುಗಿಸಿ ಮಲಗಿದ್ದರು. ಬಾದಾಮಿ ಸ್ಟೇಷನ್ನಿನಲ್ಲಿ ಚಹಾ ಕೊಡಿಸಿ ಹೇಳಿದರು, "ಮನ್ಯಾಗ ನೀನಾಗೇ ಹೇಳು. ಅವ್ರಿಗೆ ಹೊರಗಿಂದ ಗೊತ್ತಾಗೂದಕಿಂತ ಅದು ಚಲೋ."

ಹೇಳಿದೆ. ಹೆಂಡತಿ ಅಂದದ್ದು ಇಲ್ಲಿ ಬರೆಯುವಂಥದ್ದಲ್ಲ.

ಎರಡು ವರ್ಷದ ಹಿಂದೆ ಕಾಕಾಗೆ ಲಕ್ವಾ ಹೊಡೆಯಿತು. ದವಾಖಾನೆಗೆ ನೋಡಲು ಹೋದೆ. ಮಾತು ತೊದಲುತ್ತಿತ್ತು.

"ಇನ್ನೂ ಆಡ್ತಿಯೇನು ಮಾಸ್ತರ?"

"ಇಲ್ರಿ ಕಾಕಾ, ಪೂರಾ ನಿಲ್ಲಿಸೇನ್ರಿ," ಎಂದೆ. ಆ ಸಂಜೆಯ ರೇಸಿಗೆ ಆರಿಸಿದ ಕುದುರೆಗಳ ಹೆಸರು ಬರೆದ ಚೀಟಿ ಅಂಗಿಯ ಕಿಸೆಯಲ್ಲೇ ಇತ್ತು.

ಅವರ ಮುಖ ಅರಳಿತು. "ಶಾಣ್ಯಾ ಆದಿ," ಎಂದು ಸ್ವಾಧೀನವಿದ್ದ ಕೈಯಿಂದ ನನ್ನ ಕೈ ಒತ್ತಿದರು.

ನಾಲ್ಕು ದಿನಕ್ಕೆ ತೀರಿಕೊಂಡರು. ಆ ಸುಳ್ಳನ್ನು ಖರೆ ಮಾಡಲು ನನಗೆ ಇನ್ನೂ ಎಂಟು ತಿಂಗಳು ಬೇಕಾದವು.